ಕೆಳಗಿನ ಗೆರೆ

ಒಂದು ಸೊನ್ನೆ ಬಿಟ್ಟು ಓದಿದರೆ ಯಾರಿಗೂ ತಿಳಿಯುವುದಿಲ್ಲ ಎಂದು ಸಮ್ಮೇದನಿಗೆ ಹೊಳೆದಾಗ ಬಸ್ಸು ಗೋಕಾಕ ಫಾಲ್ಸ್ ಬಿಟ್ಟು ಊರ ಕಡೆ ಇಳಿಯುತ್ತಿತ್ತು. ಕಿಸೆಯಿಂದ, ಇವತ್ತು ಕಾಲೇಜಿನ ಸಭೆಯಲ್ಲಿ ತಾನು ಓದಬೇಕಾದ ಅತಿಥಿಯ ಪರಿಚಯದ ಫ್ಯಾಕ್ಸ್ ಹಾಳೆ ತೆಗೆದು ಮತ್ತೊಮ್ಮೆ ನೋಡಿದ. ಡಾ. ಶುಭಾಂಗಿ, ರೋಗನಿರೋಧಕ ಶಾಸ್ತ್ರ, ಪುಣೆ. ಪ್ರಕಟವಾದ ಲೇಖನಗಳು 94. ಬೇರೆ ಸಂಶೋಧಕರು ತಮ್ಮ ಬರಹಗಳಲ್ಲಿ ಅವನ್ನು ಉಲ್ಲೇಖಿಸಿದ್ದು 3600 ಸಲ.

ಗೋಕಾಕದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಸಮ್ಮೇದನದು ಒಂದೇ ಲೇಖನ, ಧುಪದಾಳದ ಹಿನ್ನೀರಿನ ಮೀನುಗಳ ಬಗ್ಗೆ. ಅದನ್ನು ಉಲ್ಲೇಖಿಸಿದವನೂ ಒಬ್ಬನೇ. ತನ್ನ ಎಂ.ಫಿಲ್ ಪ್ರಬಂಧದಲ್ಲಿ ಅವನೇ.

ಹೊಟ್ಟೆಕಿಚ್ಚು ಎಂಬ ಮಾತನ್ನು ಅವನು ತನ್ನ ಮಟ್ಟಿಗೆ ಬಳಸುತ್ತಿರಲಿಲ್ಲ. ಡಾಕ್ಟರರ ಬಳಿ ಪಿತ್ತ ಎಂದಿದ್ದ. ಆದರೆ ಆ ಹಾಳೆ ಬಂದ ದಿನದಿಂದ ಊಟ ಸೇರಿರಲಿಲ್ಲ. ಅವಳ ಒಂದಾದರೂ ಲೇಖನ ಸುಳ್ಳೆಂದು ಬಯಲಾಗಲಿ ಎಂದು ಬಸದಿಯಲ್ಲಿ ಕೈಮುಗಿದು ನಿಂತಾಗಲೂ ಬಯಸಿದ್ದ.

ಹದಿನೇಳು ವರ್ಷಗಳ ಹಿಂದೆ ಪುಣೆಯ ಲ್ಯಾಬಿನಲ್ಲಿ ಇಬ್ಬರಿಗೂ ಒಂದೇ ಮೇಜು. ಇಬ್ಬರೂ ಜೈನರು; ಅವಳು ಹುಕ್ಕೇರಿಯವಳು. ಇಲಿ ಕೊಯ್ಯುವಾಗ ಅವಳ ಕೈ ನಡುಗುತ್ತಿರಲಿಲ್ಲ, ಅವನದು ನಡುಗುತ್ತಿತ್ತು. ಕ್ಷಯರೋಗಿಗಳ ರಕ್ತದೊಡನೆ ಹೋಲಿಸಿ ನೋಡಲು ರೋಗವಿಲ್ಲದ ಒಬ್ಬರ ರಕ್ತ ಬೇಕೆಂದಾಗ, ಅಷ್ಟಾದರೂ ತನ್ನಿಂದ ಆಗಲಿ ಎಂದು ತೋಳು ಚಾಚಿದ್ದ. ಎರಡು ವರ್ಷ, ತಿಂಗಳಿಗೊಮ್ಮೆ. "ಮುಷ್ಟಿ ಬಿಗಿ ಹಿಡೀರಿ" ಎನ್ನುತ್ತ ಅವಳೇ ಸೂಜಿ ಚುಚ್ಚುತ್ತಿದ್ದಳು.

ಆಮೇಲೆ ಪಿಎಚ್.ಡಿ. ಅರ್ಧಕ್ಕೆ ಬಿಟ್ಟು ಊರಿಗೆ ಬಂದ. ಅಹಿಂಸೆಯ ಸಲುವಾಗಿ ಎಂದು ಮನೆಯಲ್ಲಿ ಹೇಳಿದ್ದಕ್ಕೆ ಸಮಾಜದವರು ಕರೆದು ಶಾಲು ಹೊದಿಸಿದರು. ಅದೊಂದೇ ಅವನಿಗೆ ಸಿಕ್ಕ ಸನ್ಮಾನ.

ಇವತ್ತು ವೇದಿಕೆಯ ಮೇಲೆ ಅವಳು ಆ ರಕ್ತದ ಮಾತು ಹೇಳಬೇಕು. ತನ್ನ ಹೆಸರು ಹಿಡಿದು ಹೇಳಿದರೆ ಸಾಕು, ಸೊನ್ನೆಯನ್ನು ಧಾರಾಳವಾಗಿ ಓದಬಹುದು. ಆದರೆ ಪರಿಚಯ ಮೊದಲು, ಭಾಷಣ ಆಮೇಲೆ.

"ಮುನ್ನೂರ ಅರವತ್ತು ಸಲ" ಎಂದು ಮೈಕಿನ ಮುಂದೆ ನಿಂತು ಓದಿದ.

ಸಭೆ ಚಪ್ಪಾಳೆ ತಟ್ಟಿತು. ಮೂರು ಸಾವಿರದ ಆರುನೂರು ಎಂದಿದ್ದರೂ ಇಷ್ಟೇ ತಟ್ಟುತ್ತಿತ್ತೆಂದು ಅವನಿಗೆ ಆಗಲೇ ತಿಳಿಯಿತು. ಶುಭಾಂಗಿ ತಲೆಯೆತ್ತಿ ನೋಡಿದಳು, ಸಣ್ಣಗೆ ನಕ್ಕಳು, ಎದ್ದು ಬಂದು ಪ್ರೊಜೆಕ್ಟರಿನ ಗಾಜಿನ ಮೇಲೆ ಒಂದು ಪಾರದರ್ಶಕ ಹಾಳೆ ಇಟ್ಟಳು.

ಗೋಡೆಯ ಮೇಲೆ ಗೆರೆಗಳು ಎದ್ದವು. ನಾಲ್ಕೈದು ಏರುತ್ತ ಹೋಗಿದ್ದವು. ಒಂದು ಮಾತ್ರ ತಳದಲ್ಲಿ ಸಪಾಟಾಗಿ ಮಲಗಿತ್ತು.

"ಮ್ಯಾಲಿನವು ರೋಗಿಗಳವು. ಕೆಳಗಿಂದು ರೋಗ ಇಲ್ಲದವರದು. ಎರಡ ವರ್ಷ ನೋಡಿದ್ವಿ, ಏನೂ ಆಗಲಿಲ್ಲ ಅದರಾಗ. ಅದಿಲ್ಲಂದ್ರ ಮ್ಯಾಲಿನವಕ್ಕ ಅರ್ಥ ಇಲ್ಲ."

ಸಮ್ಮೇದ ಕುರ್ಚಿಯ ಅಂಚಿಗೆ ಸರಿದು ಕೂತ. ಅವಳು ಇನ್ನೊಂದು ಹಾಳೆ ಎತ್ತಿಕೊಂಡಳು.

ಚಹಾದ ಹೊತ್ತಿಗೆ ಅವನೇ ಕೇಳಿದ.

"ಆ ಕೆಳಗಿನ ಗೆರಿ ಯಾರದ್ರಿ?"

"ಲ್ಯಾಬಿನಾಗಿನವರ ಯಾರದೋ ಇರಬೇಕ್ರಿ. ಹೆಸರ ಎಲ್ಲಿ ಬರೀತಿದ್ವಿ, ಬರೇ ನಂಬರ. ಯಾಕ್ರಿ?"

"ಸುಮ್ಮನ."

ಅವಳು ಚಹಾ ಊದಿ ಕುಡಿದಳು.

"ನೀವ್ಯಾಕ ಬಿಟ್ಟ ಬಂದ್ರಿ ಆವಾಗ?"

"ಇಲಿ ಕೊಲ್ಲೂದು ಆಗಲಿಲ್ಲ ನನಗ."

"ಹೌದ?" ಎಂದಳು. ಚಹಾದ ಕಪ್ ಕೆಳಗಿಟ್ಟು, "ಮುನ್ನೂರ ಅರವತ್ತು ಅಂದ್ರಿ ನೀವು."

"ಓದೂದ್ರಾಗ ತಪ್ಪಿತು."

"ಇರ್ಲಿ ಬಿಡ್ರಿ. ಅದೂ ಭಾಳ ಆತು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನಿಗೆ ಊಟ ಸೇರುತ್ತಿತ್ತು. ಹುಕ್ಕೇರಿಯಲ್ಲಿ ಅವ್ವ ಕಾಯುತ್ತಿರುತ್ತಾಳೆ ಎಂದು ಅವಳು ಅವಸರ ಮಾಡಿದಳು. ಜೀಪು ಹತ್ತುವಾಗ ಆ ಮೊದಲಿನ ಹಾಳೆಯನ್ನು ಅವನ ಕೈಗೆ ಕೊಟ್ಟು, "ನಿಮ್ಮ ಹುಡುಗರಿಗೆ ತೋರಿಸ್ರಿ, ನನ್ನ ಹಂತ್ಯಾಕ ಇನ್ನೊಂದೈತಿ" ಎಂದಳು.

ಸಭಾಂಗಣ ಖಾಲಿಯಾಗಿತ್ತು. ಸಮ್ಮೇದ ಪ್ರೊಜೆಕ್ಟರ್ ಹಚ್ಚಿ ಹಾಳೆ ಇಟ್ಟ. ಬಹಳ ಹೊತ್ತು ನೋಡಿದ. ಆಮೇಲೆ ಅದನ್ನು ದೋಸೆಯ ಹಾಗೆ ಮೇಲುಕೆಳಗಾಗಿ ಮಗುಚಿ ಹಾಕಿದ.

ಈಗ ಏರಿದ್ದ ಗೆರೆಗಳೆಲ್ಲ ನೆಲದ ಕಡೆ ಬೀಳುತ್ತಿದ್ದವು. ಅವನದು ಎಲ್ಲಕ್ಕಿಂತ ಮೇಲೆ. ಎದೆಯಲ್ಲಿ ಏನೋ ಹಗುರಾಯಿತು. ವಾರದಲ್ಲಿ ಮೊದಲ ಸಲ ಹಸಿವಾಯಿತು.

ಬಾಗಿಲಲ್ಲಿ ಜವಾನ ಲಕ್ಕಪ್ಪ ಕೀಲಿಕೈ ಹಿಡಿದು ನಿಂತಿದ್ದ.

"ಸರ, ಬೀಗ ಹಾಕಬೇಕ್ರಿ."

"ತಡಿ. ಎಲ್ಲಾಕಿಂತ ಮ್ಯಾಲಿನ ಗೆರಿ ನೋಡು. ಹೆಂಗೈತಿ?"

ಲಕ್ಕಪ್ಪ ಕಣ್ಣು ಕಿರಿದು ಮಾಡಿ ನೋಡಿದ. "ಮ್ಯಾಲ ಎಲ್ಲೈತ್ರಿ ಗೆರಿ? ಅದು ಅಂಚಲ್ಲೇನ್ರಿ?"

ಸಮ್ಮೇದ ಪ್ರೊಜೆಕ್ಟರಿನ ಹತ್ತಿರ ಸರಿದ. ತೋಳಿನ ಗುಂಡಿ ಬಿಚ್ಚಿ, ಅಂಗಿ ಮೊಣಕೈ ಮೇಲೆ ಸರಿಸಿ, ಮುಷ್ಟಿ ಬಿಗಿ ಹಿಡಿದು ಕೈಯನ್ನು ಬೆಳಕಿನೊಳಗೆ ಚಾಚಿದ. ಬೀಳುತ್ತಿದ್ದ ಗೆರೆಗಳೆಲ್ಲ ಆ ನೆರಳಿನಲ್ಲಿ ಮುಚ್ಚಿಹೋದವು. ಅದರ ಮೇಲೆ ಉಳಿದದ್ದು ಅವನ ಗೆರೆಯೊಂದೇ, ಸಪಾಟಾಗಿ.