ಬೂದಿಗೆ ಅಂಟಿದ ಗಜಕರ್ಣ

ಪಂಜರದ ಹುಲ್ಲು ಬದಲಿಸುವಾಗ ದಾಕ್ಷಾಯಣಿಗೆ ಅದು ಕಂಡಿತು. ಬೂದಿಯ ಬೆನ್ನ ಮೇಲೆ ಎಂಟಾಣೆಯಷ್ಟಗಲ ತುಪ್ಪಳ ಉದುರಿ, ಚರ್ಮ ಕೆಂಪಾಗಿ ಹೊಟ್ಟು ಎದ್ದಿತ್ತು.

ಬೂದಿ ಎಂದರೆ ಮಗಳು ಗಂಗೋತ್ರಿಯ ಚಿಂಚಿಲ್ಲಾ. ಮೊಲದಂಥ ಕಿವಿ, ಅಳಿಲಿನಂಥ ಬಾಲ, ಬೂದುಬಣ್ಣದ ದಟ್ಟ ತುಪ್ಪಳ. ಊರು ಬಿಟ್ಟುಹೋದ ಗೆಳತಿಯೊಬ್ಬಳು ಕೊಟ್ಟುಹೋಗಿದ್ದಳು. ಬಳ್ಳಾರಿಯ ಬಿಸಿಲನ್ನು ಅದು ತಾಳದೆಂದು, ಮನೆಯಲ್ಲಿ ಏಸಿ ಇದ್ದ ಒಂದೇ ಕೋಣೆ ಅದರ ಪಾಲಾಗಿತ್ತು. ಅತ್ತೆ ಕೊಟ್ರಮ್ಮನಿಗೆ ಅದೇ ಹೊಟ್ಟೆಯುರಿ.

"ಇಲಿಗೆ ಏಸಿ, ನನಗ ಫ್ಯಾನು. ಇನ್ನೊಂದು ಜನ್ಮ ಇದ್ರ ಇಲಿಯಾಗೇ ಹುಟ್ಟಬೇಕವ್ವ."

ಅದು ನೀರಿನ ಬದಲು ನುಣ್ಣನೆ ಮಣ್ಣಿನಲ್ಲಿ ಹೊರಳಿ ಸ್ನಾನ ಮಾಡುತ್ತದೆಂದು ಮಣ್ಣಿನ ಪೊಟ್ಟಣ ತರಿಸಿದ ದಿನವಂತೂ ಅತ್ತೆ ಹಣೆ ಹಣೆ ಬಡಿದುಕೊಂಡಿದ್ದಳು. "ಬಳ್ಳಾರಿಯಾಗಿದ್ದು ಧೂಳು ಕೊಂಡು ತರಸ್ತೀರಲ್ಲ!"

ಗಂಡ ಚನ್ನಬಸವರಾಜ ಬೂದಿಯ ಬೆನ್ನು ನೋಡಿ ಒಂದೇ ಮಾತು ಹೇಳಿದ: "ಅಂಟುರೋಗ ಆಗಿದ್ರ ಸೋಮವಾರ ಪ್ರಾಣಿ ಮಾರೋ ಅಂಗಡಿಯವರಿಗೆ ಕೊಟ್ಟುಬಿಡ್ರಿ." ಗಂಗೋತ್ರಿಯ ಕಣ್ಣೀರು ಒಗ್ಗರಣೆ ಮಂಡಕ್ಕಿಯ ತಟ್ಟೆಗೆ ಬಿತ್ತು.

ಸಿರುಗುಪ್ಪದಿಂದ ಅತ್ತೆಯ ತಂಗಿ ಗುರುಬಸಮ್ಮ ಫೋನಿನಲ್ಲೇ ಮದ್ದು ಹೇಳಿದಳು: ಬೇವಿನೆಣ್ಣೆಯಲ್ಲಿ ಅರಿಶಿನ. ದಾಕ್ಷಾಯಣಿ ಬೆನ್ನ ತುಂಬ ಹಚ್ಚಿದಳು. ಹಚ್ಚಿ ಕೈಬಿಟ್ಟದ್ದೇ ತಡ, ಬೂದಿ ಓಡಿಹೋಗಿ ಮಣ್ಣಿನ ಬೋಗುಣಿಯಲ್ಲಿ ನಾಲ್ಕು ಸುತ್ತು ಹೊರಳಿ ಎದ್ದಿತು. ಕಡಲೆಹಿಟ್ಟಿನಲ್ಲಿ ಅದ್ದಿ ತೆಗೆದ ಮೆಣಸಿನಕಾಯಿಯ ಹಾಗೆ.

"ಬಾಣಲಿ ಇಡಲೇನು?" ಎಂದಳು ಅತ್ತೆ.

ಅಳುತ್ತಿದ್ದ ಗಂಗೋತ್ರಿಗೂ ನಗು ತಡೆಯಲಿಲ್ಲ. ಆದರೆ ಮರುದಿನ ಮೆತ್ತಿದ ಮಣ್ಣು ಬಿಡಿಸುವಾಗ ಇನ್ನೊಂದು ಹಿಡಿ ತುಪ್ಪಳ ಕೈಗೆ ಬಂತು.

ಕುರುಗೋಡಿನ ದನದ ಡಾಕ್ಟರು ಜಂಬುನಾಥ ಮೊಲಗಳನ್ನೂ ನೋಡುತ್ತಾರೆಂದು ಯಾರೋ ಹೇಳಿದರು. ಶನಿವಾರ ಬೆಳಿಗ್ಗೆಯೇ, ಪಂಜರದ ಪಕ್ಕ ಐಸಿನ ಬಾಟಲಿ ಕಟ್ಟಿಕೊಂಡು ಆಟೋ ಹತ್ತಿದರು. ಕರೆಯದಿದ್ದರೂ ಕೊಟ್ರಮ್ಮ ಮೊದಲೇ ಹೋಗಿ ಕೂತಿದ್ದಳು. "ಏನಂತಾರೋ ನನ್ನ ಕಿವೀಲೇ ಕೇಳಬೇಕು."

ಒಂದು ಎಮ್ಮೆಯಾದ ಮೇಲೆ ಬೂದಿಯ ಪಾಳಿ ಬಂತು. ಡಾಕ್ಟರು ಕೈ ತೊಳೆದು ಬಂದು ಅದರ ಸುತ್ತ ಒಮ್ಮೆ ನಡೆದರು. "ಇದನ್ನ ಎಲ್ಲಿಂದ ಹಿಡೀಬೇಕ್ರಿ?" ಆಮೇಲೆ ನಾಲ್ಕು ಕೂದಲು ಕಿತ್ತು ಸೂಕ್ಷ್ಮದರ್ಶಕದಲ್ಲಿ ನೋಡಿದರು. "ಗಜಕರ್ಣ. ಅಂಟುಜಡ್ಡು. ಮನಿಯಾಗ ಯಾರಿಗರ ಐತೇನು?"

ಸೋಮವಾರಕ್ಕೆ ಉಳಿದದ್ದು ಒಂದೇ ದಿನ. ದಾಕ್ಷಾಯಣಿ ಕೈ ತೋರಿಸಿದಳು, ಮಗಳೂ ತೋರಿಸಿದಳು. ಅಂಥ ಸೆಕೆಯಲ್ಲೂ ಕೊಟ್ರಮ್ಮ ಬಲಗೈಗೆ ಮುಂಗೈವರೆಗೆ ಸೆರಗು ಸುತ್ತಿಕೊಂಡಿದ್ದಳು.

"ಅಮ್ಮಾರೇ, ನಿಮ್ಮ ಕೈ?"

"ನನಗೇನಾಗೇತ್ರಿ? ನಾ ಆ ಇಲೀನ ಮುಟ್ಟಿದಾಕಿನೇ ಅಲ್ಲ."

ಆ ದನಿ ಕೇಳಿದ್ದೇ ಬೂದಿ ಮೇಜಿನಿಂದ ನೇರ ಅವಳ ಮಡಿಲಿಗೆ ಹಾರಿತು. ದಿನದ ರೂಢಿಯಂತೆ ಮೊಣಕೈ ಸಂದಿಗೆ ತಲೆ ತೂರಿಸಿ, ಸೆರಗು ಸರಿಸಿ, ಮಲಗಿತು. ಸೆರಗಿನ ಕೆಳಗೆ ಎಂಟಾಣೆಯಷ್ಟಗಲದ ದುಂಡು ಕಲೆ ಇತ್ತು.

"ಎಷ್ಟು ದಿನ ಆತ್ರಿ ಇದು?"

"ಎರಡು ತಿಂಗಳು," ಎಂದಳು ಕೊಟ್ರಮ್ಮ, ನೆಲ ನೋಡುತ್ತ.

"ಇದರ ಕಲೆ ನೋಡಿದ್ರ ಜಡ್ಡು ಬಂದು ಹದಿನೈದು ದಿನ ಆಗಿರಬೇಕು. ಹಂಗಾರ ಇದರಿಂದ ನಿಮಗ ಬಂದಿಲ್ಲ. ನಿಮ್ಮಿಂದಾನೇ ಇದಕ್ಕ ಬಂದೈತಿ."

"ಅತ್ತೀ!" ಎಂದಳು ದಾಕ್ಷಾಯಣಿ.

"ನೀ ಹೊಲಿಗಿ ಕ್ಲಾಸಿಗೆ ಹೋದಮ್ಯಾಲೆ ತಣ್ಣಗಿರತೈತಿ ಅಂತ ಆ ಖೋಲಿಗೆ ಹೋಗತಿದ್ದೆ. ಅದಾ ಬಂದು ಮಲಗತಿತ್ತು." ಕೊಟ್ರಮ್ಮ ಸೆರಗಿನ ತುದಿ ಹಿಂಡಿದಳು. "ಏಳಸಾಕ ಮನಸಾಗಲಿಲ್ಲ."

ಡಾಕ್ಟರು ಬೂದಿಗೆ ಮುಲಾಮು ಬರೆದರು, ಅತ್ತೆಗೆ ಚರ್ಮದ ಡಾಕ್ಟರ ಹೆಸರು ಬರೆದುಕೊಟ್ಟರು. ಎಣ್ಣೆ ಬೇಡ, ನೀರು ಬೇಡ. ಹಳೆಯ ಮಣ್ಣು ಚೆಲ್ಲಬೇಕು, ಪಂಜರ ತಿಕ್ಕಿ ತೊಳೆದು ಒಣಗಿಸಬೇಕು. ಮುಲಾಮು ಹಚ್ಚುವವರ ಕೈಗೆ ಗ್ಲೌಸು. ವಾಸಿಯಾಗುವವರೆಗೆ, ತಿಂಗಳಾದರೂ ಆಗಬಹುದು, ಯಾರೂ ಎತ್ತಿ ಮುದ್ದಿಸುವಂತಿಲ್ಲ. ಈ ಕೊನೆಯ ಮಾತಿಗೆ ಅತ್ತೆಯ ಮುಖ ಬಾಡಿತು.

ಸಂಜೆ ಚನ್ನಬಸವರಾಜ ಚಪ್ಪಲಿ ಬಿಡುತ್ತಲೇ ಕೇಳಿದ. "ಅಂಟುರೋಗಾನೇ?"

ದಾಕ್ಷಾಯಣಿ ಮಾತು ಹುಡುಕುವಷ್ಟರಲ್ಲಿ ಕೊಟ್ರಮ್ಮ ಎದುರು ಬಂದು ಸೆರಗು ಸರಿಸಿ ಕೈ ಚಾಚಿದಳು. "ಹೌದಪ್ಪ. ಅಂಟಿಸಿದಾಕಿ ನಾನು. ಅಂಟುಜಡ್ಡು ಇದ್ದೋರು ಸೋಮವಾರ ಮನಿ ಬಿಡಬೇಕಂತ ನೀನಾ ಹೇಳೀದಿ. ಹಿರ್ಯಾಕಿ ನಾನು, ಮೊದಲು ನಾ ಹೋಗತೀನಿ. ಸಿರುಗುಪ್ಪದ ಬಸ್ಸು ಎಷ್ಟೊತ್ತಿಗೈತಿ ನೋಡು."

ಅವನು ತಾಯಿಯ ಕೈ ನೋಡಿದ, ಪಂಜರ ನೋಡಿದ. ಹೆಂಡತಿಯ ಕಡೆ ನೋಡಿದರೆ ಅವಳು ಬೆನ್ನು ತಿರುಗಿಸಿ ಹೀರೇಕಾಯಿ ಹೆಚ್ಚುತ್ತಿದ್ದಳು, ಭುಜ ಮಾತ್ರ ಕುಣಿಯುತ್ತಿತ್ತು.

"ಮುಲಾಮು ಹಚ್ಚಿಕೊಂಡು ಸುಮ್ಮನ ಕುಂದರವ್ವ," ಎಂದು ಅವನು ಕೈಕಾಲು ತೊಳೆಯಲು ಹೋದ.

ಸೋಮವಾರ ಮಧ್ಯಾಹ್ನ ದಾಕ್ಷಾಯಣಿ ಹೊಲಿಗೆ ಕ್ಲಾಸಿಗೆ ಹೊರಟವಳು ಏಸಿ ಕೋಣೆಯಲ್ಲಿ ಇಣುಕಿದಳು. ಅತ್ತೆ ಪಂಜರದಿಂದ ಮಾರುದೂರ ಕುರ್ಚಿ ಹಾಕಿಕೊಂಡು, ಎರಡೂ ಕೈಗಳನ್ನು ಕಂಕುಳಲ್ಲಿ ಭದ್ರವಾಗಿ ಸಿಕ್ಕಿಸಿಕೊಂಡು ಕೂತಿದ್ದಳು. ಬೂದಿ ಸರಳಿಗೆ ಮೂಗು ಒತ್ತಿ ಅವಳನ್ನೇ ನೋಡುತ್ತಿತ್ತು.

"ಹಂಗ ನೋಡಬ್ಯಾಡಲೇ," ಎನ್ನುತ್ತಿದ್ದಳು ಅತ್ತೆ. "ನನಗೂ ಅಷ್ಟಾ ಸಂಕಟ ಐತಿ."