ಸಂತ ಅನ್ನಮ್ಮನ ಪೆಟ್ಟಿಗೆಗೆ ಹಾಕಿದ ಚೀಟಿ

ಮುಂಡರಗಿಯ ಆ ಸಣ್ಣ ಚರ್ಚಿಗೆ ಸೇರಿದ್ದು ಮೂವತ್ತೇ ಮನೆ. ಯೇಸುವಿನ ತಾಯಿ ಮರಿಯಮ್ಮನನ್ನು ಹೆತ್ತ ಸಂತ ಅನ್ನಮ್ಮ ಆ ಮನೆಗಳವರನ್ನು ಕಾಯುವ ಪಾಲಕಿ. ಜುಲೈ ಕೊನೆಯಲ್ಲಿ ಬರುವ ಅವಳ ಹಬ್ಬಕ್ಕೆ ಮುಂಚೆ ಒಂಬತ್ತು ದಿನ ಸಂಜೆ ಪ್ರಾರ್ಥನೆ ನಡೆಯುತ್ತದೆ. ಬೇಡಿಕೆ ಇದ್ದವರು ಹೆಸರು ಹಾಕದೆ ಚೀಟಿ ಬರೆದು ಪ್ರತಿಮೆಯ ಕೆಳಗಿನ ಪೆಟ್ಟಿಗೆಗೆ ಹಾಕುತ್ತಾರೆ. ಪ್ರಾರ್ಥನೆ ಕಲಿಸುವ ಉಪದೇಶಿ ಪುಂಡಲೀಕಪ್ಪನವರು ಬೀಗ ತೆಗೆದು ಚೀಟಿಗಳನ್ನು ಫಾದರ್ ಕೈಗೆ ಕೊಡುತ್ತಾರೆ. ಫಾದರ್ ಓದಿದ ಒಂದೊಂದಕ್ಕೂ ಎಲ್ಲರೂ ಸೇರಿ ಪ್ರಾರ್ಥಿಸುತ್ತಾರೆ.

ಮೂರನೆಯ ದಿನ ಶೈಲಾ ಒಂದು ಚೀಟಿ ಹಾಕಿದಳು. ಅವಳು ಚರ್ಚಿನ ಹಿಂದಿನ ಓಣಿಯಲ್ಲಿ ಬಟ್ಟೆ ಹೊಲಿಯುವವಳು, ಗಂಡ ಸತ್ತು ಆರು ವರ್ಷವಾಗಿತ್ತು. ಮಗಳು ಪ್ರಿಯಾಂಕಾ ಗದಗಿನ ಗಂಡನ ಮನೆ ಬಿಟ್ಟು ಬಂದು ತಿಂಗಳಾಗಿತ್ತು. ಕೇಳಿದವರಿಗೆಲ್ಲ ಶೈಲಾ, "ಪರೀಕ್ಷಾಕ್ಕ ಓದಾಕ ಬಂದಾಳ್ರಿ" ಎನ್ನುತ್ತಿದ್ದಳು. ಹೆಸರಿಲ್ಲದ ಚೀಟಿ ಯಾರದೆಂದು ತಿಳಿಯದು ಎಂಬ ಧೈರ್ಯದಿಂದ ಅದರಲ್ಲಿ ಮಾತ್ರ ಖರೆ ಬರೆದಿದ್ದಳು: ಮಗಳು ತವರಿಗೆ ಬಂದು ಕೂತಿದ್ದಾಳೆ, ತಿರುಗಿ ಹೋಗುವುದಿಲ್ಲ ಎನ್ನುತ್ತಾಳೆ, ದಾರಿ ತೋರಿಸು.

ಆ ಸಂಜೆ ಫಾದರ್ ಹದಿನಾಲ್ಕು ಚೀಟಿ ಓದಿದರು. ಅವಳದು ಬರಲಿಲ್ಲ. ಮರುದಿನವೂ ಬರಲಿಲ್ಲ. ಹಾಗಾದರೆ ಅದು ಯಾರ ಕೈಯಲ್ಲಿದೆ? ಶೈಲಾಗೆ ಮಷೀನಿನ ಮುಂದೆ ಕೂತರೂ ಕೈ ಓಡಲಿಲ್ಲ.

ಐದನೆಯ ದಿನ ಬೆಳಿಗ್ಗೆ ನೆರೆಮನೆಯ ಶೃತಿ ನಲ್ಲಿಯ ಹತ್ತಿರ ಮೆಲ್ಲಗೆ ಕೇಳಿದಳು, "ಅಕ್ಕಾ, ಪ್ರಿಯಾಂಕಾ ಇನ್ನ ಇಲ್ಲೇ ಇರತಾಳಂತ, ಹೌದೇನ?"

ಚೀಟಿ ಓದಿದವರು ಬಾಯಿ ಬಿಟ್ಟಿದ್ದಾರೆ ಎಂದು ಶೈಲಾ ಅಂದುಕೊಂಡಳು.

ಆ ಸಂಜೆ ಅವಳು ಪ್ರಾರ್ಥನೆಗಿಂತ ಹೆಚ್ಚಾಗಿ ಪೆಟ್ಟಿಗೆಯನ್ನೇ ನೋಡುತ್ತ ಕೂತಳು. ಪೆಟ್ಟಿಗೆಗೆ ಒತ್ತಿ ಕೂತಿದ್ದವಳು ಡಂಬಳದ ಮುದುಕಿ ಶೇಖವ್ವ. ಅವಳು ಈ ಮತದವಳಲ್ಲ. ಮೊದಲನೆಯ ದಿನದಿಂದ ಬಸ್ಸಿನಲ್ಲಿ ಬಂದು, ಕೇಳಿದವರಿಗೆ ಹೆಸರು, ಊರು ಹೇಳಿದ್ದು ಬಿಟ್ಟರೆ ಯಾರೊಡನೆಯೂ ಮಾತಾಡದೆ ಹೋಗುತ್ತಿದ್ದಳು. ಹೊರಗಿನವಳಿಗೆ ಇಲ್ಲೇನು ಕೆಲಸ? ಎಲ್ಲರೂ ಕಣ್ಣು ಮುಚ್ಚಿದಾಗ ಶೇಖವ್ವನ ಬೆರಳು ಪೆಟ್ಟಿಗೆಯ ಸಂದಿಗೆ ಹೋದದ್ದನ್ನು ಶೈಲಾ ಕಂಡಳು. ಆರನೆಯ ದಿನವೂ ಹಾಗೆಯೇ ಆಯಿತು. ಪ್ರಾರ್ಥನೆ ಮುಗಿಯುತ್ತಲೇ ಶೈಲಾ ಹೋಗಿ ಅವಳ ಕೈ ಹಿಡಿದಳು.

"ಏನ್ ತಗದಿ? ತೋರಸು. ಮಂದಿ ಮನಿ ಸುದ್ದಿ ಓದಾಕ ಬರ್ತೀಯೇನ ನೀ?"

ಎಲ್ಲರೂ ತಿರುಗಿ ನೋಡಿದರು. ಶೇಖವ್ವ ಸೆರಗಿನ ಗಂಟು ಬಿಚ್ಚಿದಳು. ಅದರಲ್ಲಿ ಬಸ್ಸಿನ ಟಿಕೀಟು, ಮಡಚಿದ ಮೂರು ಖಾಲಿ ಕಾಗದ.

"ನನಗ ಓದಾಕ ಬರಿಯಾಕ ಬರಂಗಿಲ್ರಿ ಅಕ್ಕಾರ," ಎಂದಳು. "ದಿನಾ ಒಂದು ಖಾಲಿ ಚೀಟಿ ಹಾಕತೇನಿ. ಆ ತಾಯಿಗೆ ತಿಳೀತೈತಿ ಅಂತ."

ಅವಳು ಚಪ್ಪಲಿ ಮೆಟ್ಟಿಕೊಂಡು ಹೋದಳು. ಏಳನೆಯ ದಿನ ಬರಲಿಲ್ಲ.

ಇನ್ನು ಉಳಿದವರು ಪೆಟ್ಟಿಗೆಯ ಬೀಗ ತೆಗೆಯುವ ಪುಂಡಲೀಕಪ್ಪ ಒಬ್ಬರೇ. ಶೈಲಾಗೆ ಪ್ರಾರ್ಥನೆ ಕಲಿಸಿದವರು, ಅವಳ ಗಂಡನ ಮಣ್ಣಿಗೆ ಮುಂದೆ ನಿಂತವರು. ಅವರ ಮೇಲೆ ಸಂಶಯ ಬರುತ್ತಲೇ ಅವಳಿಗೆ ನಾಚಿಕೆಯಾಯಿತು. ಸಂಶಯ ಮಾತ್ರ ಹೋಗಲಿಲ್ಲ. ಅಂದು ಪ್ರಾರ್ಥನೆ ಮುಗಿದ ಮೇಲೆ ಅವರನ್ನು ತಡೆದು ಕೇಳಿದಳು:

"ಕಾಕಾ, ನನ್ನ ಚೀಟಿ ಎಲ್ಲೈತಿ?"

ಪುಂಡಲೀಕಪ್ಪ ಸುಳ್ಳು ಹೇಳಲಿಲ್ಲ. ಜಪದ ಪುಸ್ತಕದೊಳಗಿಂದ ತೆಗೆದು ಕೊಟ್ಟರು. ಅಲ್ಲಿ ಬೇರೆಯವರವೂ ಇನ್ನೂ ಎರಡು ಇದ್ದವು.

"ಮಗಳು ತವರಿಗೆ ಬಂದು ಕುಂತಾಳ ಅಂತ ಓದಿದ್ರ, ಮೂವತ್ತು ಮನ್ಯಾಗ ಯಾರಿಗೆ ತಿಳಿಯಂಗಿಲ್ಲವಾ? ಅದಕ್ಕ ತಗದಿಟ್ಟೆ. ದಿನಾ ಮುಂಜಾನೆ ನಾ ಒಬ್ನ ಪ್ರಾರ್ಥನಾ ಮಾಡೇನಿ."

"ಮತ್ತ ಶೃತಿಗೆ ಯಾರು ಹೇಳಿದ್ರು?"

"ನಾ ಅಂತೂ ಹೇಳಿಲ್ಲ."

ನಂಬಬೇಕೋ ಬೇಡವೋ ತಿಳಿಯದೆ ಅವಳು ಮನೆಗೆ ಬಂದಳು. ರೊಟ್ಟಿ ಬಡಿಯುತ್ತಿದ್ದ ಪ್ರಿಯಾಂಕಾ ಅವ್ವನ ಮುಖ ನೋಡಿ ಏನಾಯಿತೆಂದು ಕೇಳಿದಳು. ಶೈಲಾ ಎಲ್ಲ ಹೇಳಿದಳು.

"ಶೃತಿಗೆ ನಾನಽ ಹೇಳೀನಿ," ಎಂದಳು ಮಗಳು. "ಅವ ಹೊಡಿತಿದ್ದ, ಬಿಟ್ಟು ಬಂದೆ. ಇದರಾಗ ಮುಚ್ಚಿಡೂದು ಏನೈತಿ? ನೀ ಮಂದಿಗೆ ಅಂಜಿ ಆ ಮುದುಕಿ ಮ್ಯಾಲೆ ಕಳ್ಳತನ ಹೊರಿಸಿದಿ."

ಹೊಡೆಯುತ್ತಿದ್ದ ಎಂಬ ಮಾತು ಶೈಲಾ ಅಂದೇ ಮೊದಲು ಕೇಳಿದ್ದು. ತಿಂಗಳಿಡೀ 'ತಿರುಗಿ ಯಾವಾಗ ಹೋಗ್ತಿ?' ಎಂದಿದ್ದಳೇ ಹೊರತು, 'ಯಾಕ ಬಂದಿ?' ಎಂದು ಕೂಡಿಸಿಕೊಂಡು ಕೇಳಿರಲಿಲ್ಲ.

ಮರುದಿನ ಅವಳು ಡಂಬಳದ ಬಸ್ಸು ಹತ್ತಿದಳು. ಕೆರೆಯ ಹತ್ತಿರ ಕೇಳಿಕೊಂಡು ಶೇಖವ್ವನ ಮನೆ ಮುಟ್ಟಿದಾಗ ಆಕೆ ಅಂಗಳದಲ್ಲಿ ಹೆಸರುಕಾಳು ಹಸನು ಮಾಡುತ್ತಿದ್ದಳು. ಎದ್ದು ಬರಲಿಲ್ಲ, ಹೋಗು ಎನ್ನಲೂ ಇಲ್ಲ.

"ತಪ್ಪಾತು ಯವ್ವಾ," ಎಂದಳು ಶೈಲಾ. "ನಿಮ್ಮ ಬೇಡಿಕಿ ಹೇಳ್ರಿ, ನಾ ಬರಕೊಡತೇನಿ."

ಶೇಖವ್ವ ಮೊರ ಕೆಳಗಿಟ್ಟಳು.

"ನಿಮ್ಮ ಮುಂದ ಹ್ಯಾಂಗ ಹೇಳ್ಲಿ? ನಾಳೆ ಊರಿಗೆಲ್ಲಾ ಗೊತ್ತಾದ್ರ?"

ಶೈಲಾ ಮೊರದ ಈಚೆ ಕೂತಳು. ಕಾಳಿನಲ್ಲಿಯ ಹಳ್ಳು ಆರಿಸುತ್ತ, ಯಾರಿಗೂ ಹೇಳದ ಮಗಳ ಸಂಗತಿಯನ್ನು ತಾನೇ ಹೇಳತೊಡಗಿದಳು. ಮೊದಲು ತಡವರಿಸಿದಳು, ಆಮೇಲೆ ಅತ್ತಳು. ಕೊನೆಗೆ ಶೇಖವ್ವ, "ಇನ್ನ ಕಳಸಬ್ಯಾಡ್ರಿ ಆಕೀನ," ಎಂದಳು, ಅಷ್ಟೇ. ತನ್ನ ಬೇಡಿಕೆ ಏನೆಂದು ಕೊನೆಯತನಕ ಹೇಳಲಿಲ್ಲ.

ಹಬ್ಬದ ದಿನ ಶೇಖವ್ವ ಪೂಜೆಗೆ ಬಂದಳು. ಶೈಲಾ ಮತ್ತು ಪ್ರಿಯಾಂಕಾ ಸರಿದು ನಡುವೆ ಜಾಗ ಮಾಡಿದರು.