ಗಾಳಿ ಯಾವ ಕಡೆಯದು

ಬುಸ್ ಬುಸ್ ಅಂತ ಸ್ಪೀಕರಿನಲ್ಲಿ ಹಾಲಿಸ್‌ನ ಉಸಿರು, ಎಳೆದುಕೊಂಡರೆ ಗೊರಕೆ, ಬಿಟ್ಟರೆ ಗುಳುಗುಳು, ದಡದಲ್ಲಿ ಬಿದ್ದುಕೊಂಡ ಕೋರೆಹಲ್ಲಿನ ಕಡಲಪ್ರಾಣಿ ವಾಲ್ರಸ್ಸಿಗೂ ಇವನಿಗೂ ಒಂದೇ ಶ್ರುತಿ, ನಾನೂ ಹಾಗೇ ಉಸಿರಾಡಿ ನೋಡುತ್ತೇನೆ, ಬಂತು, ಅಚ್ಚುಕಟ್ಟಾಗಿ ಬಂತು — ಈ ಬೇಸಿಗೆಯಿಡೀ ಕಲಿತದ್ದು ಇದನ್ನೇ ಅಲ್ಲವೇ, ಬೇರಿಂಗ್ ಸಮುದ್ರದ ತಳದಲ್ಲಿ ಅವನು ದಪ್ಪ ಪೈಪಿನಿಂದ ಮರಳು ಹೀರುತ್ತಾನೆ, ಮರಳು ಮೇಲೆ ಬಂದು ತಟ್ಟೆಯ ಮೇಲೆ ಹರಿಯುತ್ತದೆ, ತಟ್ಟೆಯ ಚಾಪೆಯಲ್ಲಿ ಚಿನ್ನ ಕೂರುತ್ತದೆ, ಮತ್ತೆ ನಾನು ಕೂರುತ್ತೇನೆ, ಅವನಿಗೆ ಗಾಳಿ ಕೊಡುತ್ತ, ಅಂಗಿಯೊಳಗೆ ಬಿಸಿನೀರು ಕೊಡುತ್ತ, ಕಿವಿಗೆ ಮಾತು ಕೊಡುತ್ತ, ಗಾಳಿಯ ಕೊಳವೆ, ನೀರಿನ ಕೊಳವೆ, ಮಾತಿನ ತಂತಿ, ಮೂರನ್ನೂ ಸೇರಿಸಿ ಸುತ್ತಿ ಹೊಕ್ಕುಳಬಳ್ಳಿಯ ಹಾಗೆ ಇಳಿಬಿಟ್ಟಿದ್ದೇವೆ, ಅಂದಮೇಲೆ ನಾನೇ ಅವನ ತಾಯಿ, ಎಂಥ ಮಗ, ಎಂಥ ತಾಯಿ. ಕೆಳಗಿನಿಂದ ಹಾಲಿಸ್, ಏನಲೇ ಕಾಲೇಜು, ನೀರು ತಣ್ಣಗಾಗ್ತಿದೆ, ಬಾಯ್ಲರ್ ಪಕ್ಕ ನಿದ್ದೆ ಹೊಡೀತಿದ್ದೀಯಾ, ಫೇರ್‌ಬ್ಯಾಂಕ್ಸಿನ ಕಾಲೇಜಿನಲ್ಲಿ ಅದನ್ನೇ ಓದಿಸಿದ್ರಾ — ಇಲ್ಲ ಯಜಮಾನ, ಉರಿ ಸರಿಯಾಗೇ ಇದೆ ಅನ್ನುತ್ತೇನೆ, ತಗ್ಗಿಸಿದವನೂ ನಾನೇ, ಮಿಕ್ಕ ಉರಿ ನನ್ನ ಹೊಟ್ಟೆಯಲ್ಲಿದೆ, ಚಳಿ ಹಿಡಿದವನಿಗೆ ಮೊದಲು ಬುದ್ಧಿ ಜಾರುತ್ತದೆ, ಆಮೇಲೆ ನಾಲಿಗೆ, ನನಗೆ ಬೇಕಾದದ್ದು ಆ ನಾಲಿಗೆ.

ಹೋದ ವರ್ಷ ಇದೇ ದೋಣಿ, ಕೆಳಗೆ ನಮ್ಮಣ್ಣ ಮರ್ಲ್, ಮೇಲೆ ನಾನು ಕೂತಿರುವಲ್ಲಿ ಹಾಲಿಸ್. ನೋಮ್ ಊರಲ್ಲಿ ತೊಟ್ಟಿಲ ಕೂಸಿಗೂ ಗೊತ್ತು, ಉತ್ತರದ ಗಾಳಿ ಗುಡ್ಡದಿಂದ ಬಂದರೆ ಕಡಲು ಮಲಗಿರುತ್ತೆ, ದಕ್ಷಿಣದ್ದು ಎದ್ದರೆ ಕಡಲೂ ಏಳುತ್ತೆ, ಎದ್ದ ಕ್ಷಣವೇ ಕೆಳಗಿನವನನ್ನು ಕರೆಯಬೇಕು, ತಳದ ಕತ್ತಲೆಯಲ್ಲಿ ಅವನಿಗೆ ಯಾವ ಗಾಳಿ ಕಾಣುತ್ತೆ, ಮೇಲಿನವನ ಮಾತೇ ಅವನ ಕಣ್ಣು. ದೋಣಿ ಕುಣಿಯಿತು, ಕೊಳವೆ ಕಿತ್ತುಹೋಯಿತು, ಮರ್ಲ್ ಬರಲಿಲ್ಲ. ಅವನ ಶ್ರದ್ಧಾಂಜಲಿಯ ದಿನ ಚರ್ಚಿನ ಸಭಾಂಗಣದಲ್ಲಿ ಮೀನಿನ ಸಾರಿನ ಹಬೆ, ಹಾಲಿಸ್ ಟೋಪಿ ತೆಗೆದು ಅಮ್ಮನ ಮುಂದೆ ಮಂಡಿಯೂರಿ — ಗಂಟಲು ಹರಿಯೋ ಹಾಗೆ ಕರೆದೆ ಕಣಮ್ಮ, ಬರಲಿಲ್ಲ, ಚಿನ್ನ ಕಂಡಿತ್ತು ಅವನಿಗೆ — ಅಮ್ಮ ತಲೆಯಾಡಿಸಿದಳು, ನಂಬಿದಳು, ಮಗನ ಫೋಟೋದ ಮುಂದೆ ಕೂತು ಯಾಕಪ್ಪ ಅಷ್ಟು ಆಸೆಪಟ್ಟೆ ಅಂತ ಈಗಲೂ ಬೈಯುತ್ತಾಳೆ. ಊರಿಗಂತೂ ಗಾದೆಯೇ ಸಿಕ್ಕಿತು, ಕೆಳಗೆ ಯಾರಾದರೂ ತಡಮಾಡಿದರೆ, ಮರ್ಲ್ ಆಗ್ಬೇಡ್ವೋ, ಮೇಲೆ ಬಾ. ಸ್ನಾನದ ನೀರಿಗೂ ಹೆದರುತ್ತಿದ್ದವನು, ಚಳಿ ಅಂತ ಎಲ್ಲರಿಗಿಂತ ಮೊದಲು ಮೇಲೆ ಬಂದು ಬಾಯ್ಲರನ್ನು ತಬ್ಬಿಕೊಳ್ಳುತ್ತಿದ್ದವನು, ಅವನು ಆಸೆಬುರುಕನಂತೆ. ಹಾಲಿಸ್ ಸಾಯುವುದು ಬೇಡ ನನಗೆ, ಸತ್ತರೆ ಚರ್ಚಿನಲ್ಲಿ ಅವನಿಗೂ ಒಳ್ಳೇ ಮಾತು ಆಡುತ್ತಾರೆ, ಅವನು ಬದುಕಿರಬೇಕು, ಊರಿನ ಕಿವಿಯ ಮುಂದೆ ಬಾಯಿ ಬಿಡಬೇಕು.

ಅದಕ್ಕೇ ರೇಡಿಯೋದ ಮೈಕನ್ನು ಈ ಸ್ಪೀಕರಿಗೆ ಒತ್ತಿ ಹಿಡಿದಿದ್ದೇನೆ, ಮೈಕಿನ ಗುಂಡಿ ಒತ್ತಿಕೊಂಡೇ ಇರಲಿ ಅಂತ ರಬ್ಬರ್ ಬ್ಯಾಂಡು ಸುತ್ತಿದ್ದೇನೆ, ಕೇಳಲಿ, ಸುತ್ತಲಿನ ದೋಣಿಗಳೆಲ್ಲ ಕೇಳಲಿ, ಪಕ್ಕದ ದೋಣಿಯ ಡೋರಿಸಕ್ಕ ಕಾಫಿ ಕುಡಿಯುತ್ತ ಕೇಳಲಿ. ಪಾದ್ರಿಯ ದನಿಯ ಅಣಕು ಮಾಡಿದ್ದೇನೆ, ಹೆಡ್‌ಮಾಸ್ಟರದು ಮಾಡಿ ಏಟು ತಿಂದಿದ್ದೇನೆ, ಅಣ್ಣನದು ಮಾತ್ರ ಅವನು ಹೋದಮೇಲೆ ಮಾಡಿಲ್ಲ — ಸಾಕು, ಗಂಟಲನ್ನು ಒಂಚೂರು ಹಿಂದಕ್ಕೆಳೆದು, ಕೊನೆಯ ಅಕ್ಷರವನ್ನು ಮೂಗಿಗೆ ತಾಗಿಸಿ, ಯಜಮಾನಾ, ಗಾಳಿ ಯಾವ ಕಡೆಯದು? ಸ್ಪೀಕರಿನ ಬುಸ್ ಬುಸ್ ನಿಂತಿತು. ಯಾರದು. ನಾನೇ ಯಜಮಾನಾ, ಚಳಿಯಾಗ್ತಿದೆ, ಗಾಳಿ ಯಾವ ಕಡೆಯದು? ಗುಳುಗುಳು, ಗುಳುಗುಳು, ಹಲ್ಲು ಕಟಕಟ — ಮರ್ಲ್, ಬೇಡ ಕಣೋ, ನೀನು ಅವತ್ತೂ ಹಿಂಗೇ ಕೇಳಿದೆ — ಕೇಳಿದೆ, ನೀನು ಏನಂದೆ? ಉತ್ತರದ್ದು ಅಂದೆ. ದಕ್ಷಿಣ ಎದ್ದಿತ್ತು, ನೋಡ್ದೆ, ಚಾಪೆ ಹಳದಿ ಆಗಿತ್ತು, ಇನ್ನೊಂದು ಸ್ವಲ್ಪ ಹೊತ್ತು ಇರ್ಲಿ ಅಂತ ಉತ್ತರದ್ದೇ ಅಂದೆ, ನಾನು ನಿನ್ನ ಕರೀಲೇ ಇಲ್ಲ ಮರ್ಲ್, ನಾನು ಕರೀಲೇ ಇಲ್ಲ.

ಆಯಿತು, ಬಿತ್ತು, ಎಷ್ಟು ಸಲೀಸು, ಅಮ್ಮನಿಗೆ ಯಾರು ಮೊದಲು ಓಡಿ ಹೋಗಿ ಹೇಳುತ್ತಾರೋ, ನಗು ಬರುತ್ತಿದೆ, ವಾಲ್ರಸ್ಸು ಅಳುತ್ತಿದೆ, ರಬ್ಬರ್ ಬ್ಯಾಂಡು ತೆಗೆದೆ, ತೆಗೆದದ್ದೇ ರೇಡಿಯೋ ಗರಗರ, ಡೋರಿಸಕ್ಕ ಮೆಲ್ಲಗೆ, ವೆಂಡೆಲ್, ಕೇಳಿಸ್ತು ಕಣಪ್ಪ, ಎಲ್ಲರಿಗೂ ಕೇಳಿಸ್ತು, ಈಗ ತಲೆ ಎತ್ತಿ ನೋಡು — ನೋಡಿದೆ, ದೋಣಿಗಳು ಒಂದೊಂದಾಗಿ ಲಂಗರು ಎತ್ತುತ್ತಿವೆ, ನಮ್ಮ ಕಂಬದ ಬಟ್ಟೆ ಊರಿನ ಕಡೆ ನೆಟ್ಟಗೆ ಚಾಚಿದೆ, ದಕ್ಷಿಣ, ಎಷ್ಟು ಹೊತ್ತಾಯಿತೋ, ಬೆನ್ನಿಗೆ ಹೊಡೆಯುತ್ತಿದ್ದುದು ಇದೇ ಗಾಳಿಯೇ, ಹಾಲಿಸ್‌ನ ನಾಲಿಗೆಯನ್ನೇ ಕಾಯುತ್ತ ಕೂತವನಿಗೆ ಬೆನ್ನೇ ಇರಲಿಲ್ಲವೇ. ಉರಿ ಏರಿಸಿದೆ, ಕೆಳಗಿನ ತಂತಿಯ ಗುಂಡಿ ಒತ್ತಿದೆ, ಹಾಲಿಸ್, ಮೇಲೆ ಬಾ, ದಕ್ಷಿಣ ಎದ್ದಿದೆ. ಬರಲ್ಲ ಮರ್ಲ್. ನಾನು ವೆಂಡೆಲ್ ಕಣಯ್ಯಾ, ಕಾಲೇಜು, ಬಾ. ಆ ಹುಡುಗನ ದನೀನೂ ತಗೊಂಡ್ಯಾ, ಅವನನ್ನ ಏನು ಮಾಡ್ದೆ ಮರ್ಲ್, ಅವನು ಬರೀ ತಮಾಷೆಯವನು, ಬಿಟ್ಬಿಡು ಅವನ್ನ. ಅಯ್ಯೋ ಪಾಪಿ, ನಾನೇ, ನಾನೇ — ನನ್ನ ದನಿ ಯಾವುದು, ಒಂದೇ ತಾಯಿಯ ಗಂಟಲು ಇಬ್ಬರದೂ, ಕೂಗಿದರೆ ಅವನೇ ಬರುತ್ತಾನೆ, ಬೈದರೂ ಅವನೇ, ಅತ್ತರೆ ಥೇಟ್ ಅವನೇ, ರಬ್ಬರ್ ಬ್ಯಾಂಡು ತೆಗೆದಾಗಿದೆ, ಈ ಕರೆ ಊರಿಗೆ ಕೇಳಿಸದು, ಕರೆದೆ ಅಂತ ನಾಳೆ ಯಾರ ಮುಂದೆ ಮಂಡಿಯೂರಲಿ, ಮಾತು ಬೇಡ, ಮಾತೇ ಬೇಡ, ಕೈಯಿಂದ ಎಳೆಯುತ್ತೇನೆ, ಕೊಳವೆಗೆ ದನಿ ಇಲ್ಲ, ಕಾಲನ್ನು ಅಂಚಿಗೆ ಕೊಟ್ಟು ಎಳೆಯುತ್ತೇನೆ, ದೋಣಿ ಏಳುತ್ತದೆ, ಬೀಳುತ್ತದೆ, ಒಂದು ಮಾರು ಬಂತು, ನಿಂತಿತು, ಅವನು ತಳದ ಬಂಡೆ ತಬ್ಬಿಕೊಂಡಿದ್ದಾನೆ, ಇನ್ನೂ ಜೋರಾಗಿ ಎಳೆದರೆ ಕಿತ್ತುಹೋದೀತು, ಬಿಟ್ಟರೆ ಅವನು ಬರಲಾರ, ಎಳೆಯುತ್ತೇನೆ, ಅವನು ಅಲ್ಲಿಂದ ಎಳೆಯುತ್ತಾನೆ, ನಡುವೆ ಹಳದಿ ಕೊಳವೆ, ತಂತಿಯ ಹಾಗೆ ಬಿಗಿದು, ನೀರು ತೊಟ್ಟಿಕ್ಕುತ್ತ, ಅಲುಗದೆ, ಹಳದಿ ಕೊಳವೆ, ಬಿಗಿದು, ಹಳದಿ —